ಬರ್ಫಿನಲ್ಲಿಟ್ಟ ಸೆಲ್

ಬುರ್ಹಾನುದ್ದೀನ್ ಸರ್ ನೌಕರಿಯಿಂದ ನಿವೃತ್ತರಾಗಲು ಕೆಲವೇ ತಿಂಗಳು ಉಳಿದಿದ್ದಾಗ ಆ ಸೆಲ್ ಕಲಬುರಗಿಯ ಅವರ ಕಾಲೇಜಿಗೆ ಬಂತು. ಉಪಗ್ರಹ ಕಟ್ಟುವವರು ಅದನ್ನು ಬೆಂಗಳೂರಿನಿಂದ ಮರದ ಪೆಟ್ಟಿಗೆಯಲ್ಲಿ ಸ್ಪಂಜು ಸುತ್ತಿ ಕಳಿಸಿದ್ದರು. ಸರ್ ಅದನ್ನು ಎರಡೂ ಕೈಯಿಂದ ಎತ್ತಿ ಮೇಜಿನ ಮೇಲಿಟ್ಟರು. ಗೇಣುದ್ದಕ್ಕಿಂತ ಸ್ವಲ್ಪ ದೊಡ್ಡದು, ಎರಡೂ ತುದಿ ದುಂಡಗಿದ್ದ ಲೋಹದ ಸೀಸೆ. ಸುತ್ತ ನಿಂತವರಿಗೆ ಅದು ಅಡುಗೆಮನೆಯ ಯಾವುದೋ ಪಾತ್ರೆಯಂತೆ ಕಂಡಿತು.

"ಸರ್, ಇದು ಬ್ಯಾಟರಿ ಏನ್ರೀ?" ಎಂದು ಪ್ರಯೋಗಾಲಯದ ಅಟೆಂಡರ್ ರಾಮಣ್ಣ ಕೇಳಿದ.

"ಬ್ಯಾಟರಿಯೊಳಗಿನ ಒಂದು ಸೆಲ್. ಇಂಥವು ಸಾಲಾಗಿ ಜೋಡಿಸಿದ್ರ ಬ್ಯಾಟರಿ ಆಗ್ತದ. ಒಳಗ ನಿಕಲ್ ತಗಡು ಅವ, ಹೈಡ್ರೋಜನ್ ಗಾಳಿ ಅದ. ಜ್ವಾಕಿ, ಬೀಳಿಸಿದಿ ಅಂದ್ರ ನೀನೂ ಇರಾಂಗಿಲ್ಲ, ನಾನೂ ಇರಾಂಗಿಲ್ಲ."

ರಾಮಣ್ಣ ಎರಡು ಹೆಜ್ಜೆ ಹಿಂದೆ ಸರಿದ. ಸರ್ ನಕ್ಕರು. ಪಕ್ಕದಲ್ಲಿ ನಿಂತಿದ್ದ ದುಂಡಮ್ಮನೂ ನಕ್ಕಳು.

ದುಂಡಮ್ಮ ಕಮಲಾಪುರದವಳು. ಅವಳ ತಾಯಿ ಪುತಳಾಬಾಯಿ ಅಲ್ಲಿನ ಬಸ್‌ಸ್ಟ್ಯಾಂಡಿನ ಎದುರು ಬುಟ್ಟಿಯಿಟ್ಟು ಕೆಂಪು ಬಾಳೆಹಣ್ಣು ಮಾರುತ್ತಿದ್ದಳು. ಹುಮನಾಬಾದ್ ಕಡೆ ಹೋಗುವ ಬಸ್ಸು ನಿಂತ ಕೂಡಲೇ ಕಿಟಕಿಯಿಂದ ಕಿಟಕಿಗೆ ಓಡಿ ಹಣ್ಣಿನ ಚಿಪ್ಪು ಎತ್ತಿ ತೋರಿಸುವುದು ಅವಳ ಕೆಲಸ. ಗಂಡ ತೀರಿಕೊಂಡ ಮೇಲೆ ಅದರ ಮೇಲೆಯೇ ಮಗನನ್ನೂ ಮಗಳನ್ನೂ ಬೆಳೆಸಿದಳು. ಮಗ ಮಾಳಿಂಗಪ್ಪ ಊರಲ್ಲೇ ಉಳಿದು ಬೇರೆಯವರ ಬಾಳೆತೋಟ ನೋಡಿಕೊಂಡ. ಮಗಳು ಕಲಬುರಗಿಗೆ ಬಂದು ಎಂ.ಎಸ್ಸಿ. ಮುಗಿಸಿ, ಕಾಲೇಜಿನ ಹತ್ತಿರವೇ ಒಂದು ಕೋಣೆ ಬಾಡಿಗೆಗೆ ಹಿಡಿದು, ಬುರ್ಹಾನುದ್ದೀನ್ ಸರ್ ಕೈಕೆಳಗೆ ಸಂಶೋಧನೆಗೆ ಸೇರಿಕೊಂಡಳು. ಅವಳಂಥ ಮನೆಯಿಂದ ಬಂದವರು ಆ ವಿಭಾಗದಲ್ಲಿ ಬೇರೆ ಯಾರೂ ಇರಲಿಲ್ಲ. ಸರ್ ಅದನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ. ಮಧ್ಯಾಹ್ನ ಊಟದ ಡಬ್ಬಿ ತೆರೆದಾಗ ಮಾತ್ರ, "ಸಕೀನಾ ನಿನ್ನ ಪಾಲು ಕಳಿಸ್ಯಾಳ ನೋಡು" ಎಂದು ಖಟ್ಟಾ ದಾಲಿನ ಸಣ್ಣ ಬಟ್ಟಲನ್ನು ಅವಳ ಕಡೆ ಸರಿಸುತ್ತಿದ್ದರು. ಸಕೀನಾ ಅವರ ಹೆಂಡತಿ. ಮೋಮಿನಪುರದ ಹಳೆಯ ಮನೆಯಲ್ಲಿ ಇಬ್ಬರೇ ಇದ್ದರು. ಮಗಳು ಶಾಹಜಾದಿ ಮದುವೆಯಾಗಿ ಹೈದರಾಬಾದಿನಲ್ಲಿದ್ದಳು.

ಬೆಂಗಳೂರಿನವರು ಕೇಳಿದ್ದು ಒಂದೇ ಪ್ರಶ್ನೆ. ಈ ಸೆಲ್ಲನ್ನು ಪೂರ್ತಿ ಚಾರ್ಜ್ ಮಾಡಿ, ಯಾವುದಕ್ಕೂ ಜೋಡಿಸದೆ ಸುಮ್ಮನೆ ಬಿಟ್ಟರೆ, ಅದು ತಾನಾಗಿಯೇ ಎಷ್ಟು ಬರಿದಾಗುತ್ತದೆ? ಚಾರ್ಜ್ ಆದಂತೆ ಒಳಗೆ ಹೈಡ್ರೋಜನ್ ತುಂಬುತ್ತದೆ, ಒತ್ತಡ ಏರುತ್ತದೆ. ಬಳಸಿದಂತೆ ಒತ್ತಡ ಇಳಿಯುತ್ತದೆ. ಆದರೆ ಬಳಸದೆ ಬಿಟ್ಟರೂ ಇಳಿಯುತ್ತದೆ. ಹೈಡ್ರೋಜನ್ ಮೆಲ್ಲಗೆ ನಿಕಲ್ ತಗಡನ್ನು ಮುಟ್ಟಿ, ಅಲ್ಲಿದ್ದ ಶಕ್ತಿಯನ್ನು ಯಾರಿಗೂ ಉಪಯೋಗವಿಲ್ಲದ ಬಿಸಿಯಾಗಿ ಕಳೆದುಬಿಡುತ್ತದೆ. ಮೊದಲು ಜೋರಾಗಿ, ಆಮೇಲೆ ನಿಧಾನವಾಗಿ. ಸುತ್ತಲಿನ ಹವೆ ಬಿಸಿಯಾದಷ್ಟೂ ಬೇಗ. ರಾಕೆಟ್ಟಿನ ತುದಿಯಲ್ಲಿ ಕುಳಿತ ಉಪಗ್ರಹ ಹಾರುವ ದಿನ ಮುಂದೆ ಹೋಗಬಹುದು. ಹಾರಿದ ಮೇಲೆ ಭೂಮಿಯ ನೆರಳಿಗೆ ಸಿಕ್ಕಾಗ ಬಿಸಿಲಿರುವುದಿಲ್ಲ, ಈ ಬ್ಯಾಟರಿಯೊಂದೇ ಗತಿ. ಆಗ ಒಳಗೆ ಎಷ್ಟು ಉಳಿದಿದೆ ಎಂದು ಮೊದಲೇ ಗೊತ್ತಿರಬೇಕು.

ಅದಕ್ಕಾಗಿ ಸರ್ ಸೆಲ್ಲಿಗೆ ನೀರು ತಾಗದಂತೆ ತಗಡಿನ ಕವಚ ತೊಡಿಸಿ, ದೊಡ್ಡ ತೊಟ್ಟಿಯ ತಣ್ಣೀರಿನಲ್ಲಿ ಇಳಿಬಿಟ್ಟರು. ನೀರನ್ನು ಒಂದೇ ತಂಪಿನಲ್ಲಿಡಲು ಫ್ರಿಜ್ಜಿನಂಥ ಒಂದು ಯಂತ್ರ. ಒತ್ತಡ ತೋರಿಸುವ ಮೀಟರು ಸಣ್ಣ ಬ್ಯಾಟರಿಯ ಮೇಲೆ ನಡೆಯುತ್ತಿತ್ತು; ಯಂತ್ರಕ್ಕೆ ಮಾತ್ರ ಕರೆಂಟ್ ಬೇಕೇ ಬೇಕು. ತೊಂಬತ್ತೈದನೇ ಇಸವಿಯ ಚಳಿಗಾಲ ಮುಗಿಯುತ್ತಿದ್ದಂತೆ ಕೆಲಸ ಶುರುವಾಯಿತು. ದಿನವೂ ಒತ್ತಡ ನೋಡುವುದು, ನೀರಿನ ತಂಪು ನೋಡುವುದು, ಬರೆದುಕೊಳ್ಳುವುದು. ಹೊರಗಿನವರಿಗೆ ಅದು ಕೆಲಸವೆಂದೇ ಅನ್ನಿಸುತ್ತಿರಲಿಲ್ಲ. ದುಂಡಮ್ಮನಿಗೆ ಮಾತ್ರ ಬೆಳಿಗ್ಗೆ ಬಂದು ಆ ಮುಳ್ಳು ಕೂದಲೆಳೆಯಷ್ಟು ಇಳಿದಿರುವುದನ್ನು ಕಂಡಾಗ, ಯಾರಿಗೂ ಕಾಣದ್ದು ತನಗೆ ಕಂಡಿತೆಂಬ ಸಂತೋಷವಾಗುತ್ತಿತ್ತು.

ಮೇ ತಿಂಗಳಲ್ಲಿ ಮಾಳಿಂಗಪ್ಪ ಕಾಲೇಜಿಗೆ ಬಂದ. ಅವನು ಹಿಂದೆಂದೂ ಅಲ್ಲಿಗೆ ಬಂದವನಲ್ಲ. ಬಾಗಿಲಲ್ಲೇ ಚಪ್ಪಲಿ ಬಿಟ್ಟು ನಿಂತುಕೊಂಡ.

"ಅವ್ವಗ ಲಕ್ವ ಹೊಡದದ ತಂಗಿ. ಬಸ್ಸಿನ ಹತ್ರ ಹಣ್ಣು ಎತ್ತಿ ಹಿಡದಾಕಿ ಹಂಗ ಬಿದ್ದಾಳ. ಇಲ್ಲೇ ದೊಡ್ಡ ದವಾಖಾನಿಗೆ ತಂದಿದ್ದೆ. ನಿಂಗ ಹೇಳಿದ್ರ ಗಾಬರಿ ಆಗ್ತಿ ಅಂತ ಹೇಳಲಿಲ್ಲ. ಈಗ ಮನಿಗಿ ಒಯ್ಯಿರಿ ಅಂದಾರ. ಬಲಗಡಿ ಪೂರಾ ಹೋಗ್ಯದ. ಮಾತೂ ಇಲ್ಲ."

ದುಂಡಮ್ಮ ಬರೆಯುತ್ತಿದ್ದ ಪುಸ್ತಕ ಮುಚ್ಚಿದಳು.

"ಮನ್ಯಾಗ ಹೆಣ್ಮಕ್ಕಳು ಯಾರೂ ಇಲ್ಲ" ಎಂದು ಮಾಳಿಂಗಪ್ಪ ತಲೆ ತಗ್ಗಿಸಿ ಹೇಳಿದ. "ನಿಮ್ಮ ವೈನಿ ಬಾಣಂತನಕ್ಕ ತವರಿಗಿ ಹೋಗ್ಯಾಳ. ಅವ್ವನ ಮೈ ತೊಳೆಯೋದು, ಮಗ್ಗಲು ಹೊರಳಿಸೋದು ನಾ ಹ್ಯಾಂಗ ಮಾಡ್ಲಿ? ಆಕಿ ನನ್ನ ಕೈ ದೂಡ್ತಾಳ."

ದುಂಡಮ್ಮ ಸರ್ ಮುಖ ನೋಡಿದಳು. ಪ್ರಯೋಗ ಮುಗಿಯಲು ಇನ್ನೂ ಒಂದು ತಿಂಗಳು ಬೇಕಿತ್ತು. ಅದರ ಬೆನ್ನಿಗೇ ಸರ್ ನಿವೃತ್ತಿಯೂ ಬರುತ್ತಿತ್ತು. ಒಮ್ಮೆ ಕೆಟ್ಟರೆ ಅವರ ಕೈಯಲ್ಲಿ ಅದನ್ನು ಮತ್ತೆ ಶುರು ಮಾಡುವಷ್ಟು ಕಾಲವಿರಲಿಲ್ಲ.

"ಸರ್, ಹೋಗಿ ಎರಡು ದಿನದಾಗ ಬರ್ತೀನ್ರೀ."

"ಎರಡು ದಿನದಾಗ ಯಾಕ ಬರ್ತಿ? ಅವ್ವ ಎದ್ದು ಕುಂತ ಮ್ಯಾಲ ಬಾ. ಇಲ್ಲಿ ನಾ ಇದ್ದೀನಿ."

"ರಾಮಣ್ಣನೂ ತಮ್ಮನ ಮದುವಿಗಿ ಹೋಗ್ತೀನಿ ಅಂದಾನ್ರೀ."

"ಹೋಗಲಿ. ಒಂದು ಮುಳ್ಳು ನೋಡಾಕ ಎಷ್ಟು ಮಂದಿ ಬೇಕು?" ಸರ್ ಮಾಳಿಂಗಪ್ಪನ ಹೆಗಲ ಮೇಲೆ ಕೈಯಿಟ್ಟರು. "ಕರಕೊಂಡು ಹೋಗಪಾ. ಈಕಿ ಮಾತು ಕೇಳಬ್ಯಾಡ."

ದುಂಡಮ್ಮ ಅದೇ ದಿನ ಅಣ್ಣನ ಜೊತೆ ಹೋದಳು.

ಕಮಲಾಪುರದ ಮನೆಯಲ್ಲಿ ಪುತಳಾಬಾಯಿ ಹೊರಸಿನ ಮೇಲೆ ಮಲಗಿದ್ದಳು. ಬಾಯಿ ಒಂದು ಕಡೆ ಎಳೆದಿತ್ತು. ಮಗಳನ್ನು ಕಂಡು ಏನೋ ಹೇಳಹೋದಳು, ಬರೀ ಗುರುಗುಟ್ಟಿದಂತೆ ಸದ್ದಾಯಿತು. ತನ್ನ ಸದ್ದು ತನಗೇ ಕೇಳಿಸಿ ನಾಚಿಕೆಯಾಗಿ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳಲು ನೋಡಿದಳು, ಬಲಗೈ ಏಳಲಿಲ್ಲ. ದುಂಡಮ್ಮ ಆ ಕೈಯನ್ನು ತೆಗೆದುಕೊಂಡು ತನ್ನ ಮಡಿಲಲ್ಲಿಟ್ಟುಕೊಂಡಳು. ದಿನಕ್ಕೆ ನೂರು ಬಸ್ಸಿಗೆ ಹಣ್ಣು ಎತ್ತಿದ ಕೈ. ಈಗ ಅದಕ್ಕೆ ಅದರ ಭಾರವೇ ಹೆಚ್ಚಾಗಿತ್ತು.

ಗಂಜಿಯನ್ನು ಚಮಚೆಯಲ್ಲಿ ಹನಿಹನಿಯಾಗಿ ಹಾಕುವುದು, ಹಾಸಿಗೆ ಬದಲಿಸುವುದು, ಎಣ್ಣೆ ಹಚ್ಚಿ ಕೈಕಾಲು ತೀಡುವುದು. ಒಂದು ಬೆಳಿಗ್ಗೆ ಪುತಳಾಬಾಯಿ ಬಲಗೈಯ ಹೆಬ್ಬೆರಳನ್ನು ತಾನೇ ಮಡಚಿದಳು. ದುಂಡಮ್ಮ ಕೂಗಿ ಅಣ್ಣನನ್ನು ಕರೆದಳು. ಮೂವರೂ ಆ ಬೆರಳನ್ನೇ ನೋಡುತ್ತ ಕೂತರು.

ಆ ವಾರವೇ ಕಲಬುರಗಿಯಲ್ಲಿ ಕಾಲೇಜಿನ ಕಡೆಯ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ರಜೆಯ ಕಾಲ, ಕಟ್ಟಡ ಖಾಲಿ. ಸರಿಪಡಿಸುವವರು ಇಂದು ಬರುತ್ತೇವೆ, ನಾಳೆ ಬರುತ್ತೇವೆ ಎನ್ನುತ್ತಿದ್ದರು. ಹೊರಗೆ ಬಿಸಿಲು ಮೈಮೇಲೆ ಕೆಂಡ ಸುರಿದಂತಿತ್ತು. ತಂಪಿನ ಯಂತ್ರ ನಿಂತಿತು. ಸರ್ ಆಟೋ ಮಾಡಿಕೊಂಡು ಮಂಜುಗಡ್ಡೆ ಮಾಡುವ ಬರ್ಫ್ ಫ್ಯಾಕ್ಟರಿಗೆ ಹೋದರು. ಗೋಣಿಚೀಲದಲ್ಲಿ ಹೊಟ್ಟು ಹಾಕಿ ಬರ್ಫಿನ ಗಡ್ಡೆ ಸುತ್ತಿಸಿಕೊಂಡು ತಂದರು. ಒಡೆದು ತೊಟ್ಟಿಗೆ ಹಾಕಿದರು. ಕರಗಿದ ನೀರು ಮೊಗೆದು ಚೆಲ್ಲಿ, ಮತ್ತೆ ಹೋಗಿ ತಂದರು. ಆಟೋದವನು ಚೀಲವನ್ನು ಕೆಳಗೆ ಇಳಿಸಿಕೊಡುತ್ತಿದ್ದ. ಮೇಲಿನ ಮಹಡಿಗೆ ಸರ್ ತಾವೇ ಹೊರುತ್ತಿದ್ದರು. ಕಾವಲಿನವನು ಒಮ್ಮೆ ಕೈ ಹಚ್ಚಿದ. ಆಮೇಲೆ ಗೇಟು ಬಿಟ್ಟು ಬರಲು ಆಗುವುದಿಲ್ಲ ಎಂದ. ಹೀಗೆ ಎರಡು ದಿನ ನಡೆಯಿತು. ಮೂರನೆಯ ಮಧ್ಯಾಹ್ನ ಚೀಲ ಹೊತ್ತು ಮೆಟ್ಟಿಲು ಹತ್ತುತ್ತಿದ್ದವರು ನಡುವೆ ಕೂತುಬಿಟ್ಟರು. ಕಾವಲಿನವನು ನೀರು ಹರಿದುಬರುವುದನ್ನು ಕಂಡು ಮೇಲೆ ಹೋಗಿ ನೋಡಿದ. ಬರ್ಫ್ ಅರ್ಧ ಕರಗಿತ್ತು. ಸರ್ ಗೋಡೆಗೆ ತಲೆಯಿಟ್ಟು ಕೂತಿದ್ದರು. ಉಸಿರಿರಲಿಲ್ಲ.

ಕಮಲಾಪುರದ ಫೋನ್ ಬೂತಿನ ಹುಡುಗಿಗೆ ರಾಮಣ್ಣ ಸುದ್ದಿ ಮುಟ್ಟಿಸುವಷ್ಟರಲ್ಲಿ ಮಣ್ಣಾಗಿಹೋಗಿತ್ತು. ದುಂಡಮ್ಮ ಬಸ್ಸಿಳಿದು ನೇರ ಮೋಮಿನಪುರಕ್ಕೆ ಹೋದಳು. ಮನೆಯ ಮುಂದೆ ಗಂಡಸರು ಕುರ್ಚಿ ಹಾಕಿಕೊಂಡು ಕೂತಿದ್ದರು. ಒಳಗೆ ಹೆಂಗಸರ ನಡುವೆ ಸಕೀನಾ ಗೋಡೆಗೆ ಒರಗಿದ್ದರು. ಕಣ್ಣು ಒಣಗಿತ್ತು. ದುಂಡಮ್ಮ ಹೋಗಿ ಅವರ ಕಾಲಬಳಿ ಕೂತು ಬಿಕ್ಕಿದಳು. ಸಕೀನಾ ಅವಳ ತಲೆಯ ಮೇಲೆ ಕೈಯಿಟ್ಟರು.

"ನಿಮ್ಮ ಅವ್ವ ಹ್ಯಾಂಗ ಇದ್ದಾರ?"

"ಬೆರಳು ಆಡಸ್ಲಿಕತ್ತಾಳ್ರೀ ಅಮ್ಮಾ."

"ಅಲ್ಲಾನ ದಯಾ."

ವಿಭಾಗದ ಮುಖ್ಯಸ್ಥರು ಬಾಗಿಲಾಚೆ ನಿಂತು ಸಂತಾಪ ಹೇಳಿದರು. "ಕೆಲಸ ಮುಗಿಸೇ ಹೋದ್ರು ನೋಡ್ರಿ ಅವರು. ಅಂಥಾ ಮನುಷ್ಯ. ಅವರ ಲೆಕ್ಕದ ಮ್ಯಾಲ ಉಪಗ್ರಹ ಹಾರ್ತದ." ಸಕೀನಾ ದುಂಡಮ್ಮನ ಗದ್ದ ಎತ್ತಿ ಕೇಳಿದರು: "ಹೌದೇನು ಬೇಟಿ? ಮುಗೀತೇನು ಅದು?"

ದುಂಡಮ್ಮ ಇನ್ನೂ ಪ್ರಯೋಗಾಲಯಕ್ಕೆ ಹೋಗಿರಲಿಲ್ಲ. ಏನಾಗಿದೆಯೋ ಗೊತ್ತಿರಲಿಲ್ಲ. ಆದರೂ ಆ ಮುಖದ ಮುಂದೆ ಬೇರೆ ಏನೂ ಮಾಡಲಾಗದೆ ತಲೆ ಆಡಿಸಿದಳು. ಸಕೀನಾರ ಕಣ್ಣಲ್ಲಿ ಆಗ ನೀರು ಬಂತು. ಪಕ್ಕದ ಹೆಂಗಸಿನ ಕಡೆ ತಿರುಗಿ, "ಕಾಮ್ ಪೂರಾ ಕರ್ಕೆ ಗಯೇ, ಕೆಲಸಾ ಮುಗಿಸೇ ಹೋದ್ರು" ಎಂದರು.

ಮರುದಿನ ದುಂಡಮ್ಮ ಪ್ರಯೋಗಾಲಯದ ಬಾಗಿಲು ತೆರೆದಳು. ಕರೆಂಟ್ ಬಂದಿತ್ತು, ಆದರೆ ಯಂತ್ರವನ್ನು ಯಾರೂ ಹಚ್ಚಿರಲಿಲ್ಲ. ತೊಟ್ಟಿಗೆ ಕೈ ಹಾಕಿದಳು. ನೀರು ಸ್ನಾನದ ನೀರಿನಷ್ಟು ಬಿಸಿಯಾಗಿತ್ತು. ಒತ್ತಡದ ಮುಳ್ಳು ಇರಬೇಕಾದಲ್ಲಿಗಿಂತ ಎಷ್ಟೋ ಕೆಳಗೆ ಬಂದು ನಿಂತಿತ್ತು. ಎಷ್ಟು ಹೊತ್ತು ಎಷ್ಟು ಬಿಸಿಯಲ್ಲಿ ಅದು ಬರಿದಾಯಿತೆಂದು ಹೇಳಲು ಯಾವ ದಾರಿಯೂ ಇರಲಿಲ್ಲ. ತಿಂಗಳುಗಟ್ಟಲೆ ಕಾದದ್ದು ಮೂರು ದಿನದಲ್ಲಿ ಕೆಟ್ಟಿತ್ತು. ನೆಲದ ಮೇಲೆ ಹೊಟ್ಟು ಅಲ್ಲಲ್ಲಿ ಅಂಟಿಕೊಂಡಿತ್ತು. ದುಂಡಮ್ಮ ಸ್ಟೂಲಿನ ಮೇಲೆ ಕೂತು ಬಹಳ ಹೊತ್ತು ಎದ್ದೇಳಲಿಲ್ಲ.

ಮುಖ್ಯಸ್ಥರು ಕೆಟ್ಟವರಲ್ಲ. ಅವಳನ್ನು ಕರೆದು ಮೆತ್ತಗೆ ಹೇಳಿದರು.

"ನೋಡು ತಂಗಿ, ಅಷ್ಟು ತಿಂಗಳ ಗ್ರಾಫಿನ ಗೆರಿ ಚಂದ ಬಂದದ. ಮುಂದ ಅದು ಹ್ಯಾಂಗ ಇಳೀತದ ಅಂತ ನಿನಗೂ ಗೊತ್ತು, ನನಗೂ ಗೊತ್ತು. ಹಂಗೇ ಮುಂದುವರಿಸಿ ಎಳದುಬಿಡು. ಸರ್ ಹೆಸರು ಉಳೀತದ. ಅವರ ಮನಿಯವರಿಗೂ ಸಮಾಧಾನ."

"ಆ ಗೆರಿ ನಂಬಿ ಯಾರೋ ಉಪಗ್ರಹ ಹಾರಸ್ತಾರಲ್ರೀ ಸರ್."

"ಒಂದು ಗೆರಿ ಮ್ಯಾಲ ಯಾರೂ ಹಾರಸಾಂಗಿಲ್ಲ."

"ಹಂಗಂದ್ರ ಸರ್ ಯಾಕ ಬರ್ಫ್ ಹೊತ್ತರು? ಅವರೂ ಗೆರಿ ಎಳೀಬಹುದಿತ್ತು."

ದುಂಡಮ್ಮ ಬೆಂಗಳೂರಿನವರಿಗೆ ಇದ್ದದ್ದು ಇದ್ದ ಹಾಗೆ ಹೇಳಿದಳು. ಅವರು ಇನ್ನೊಂದು ವರ್ಷ ಕೊಟ್ಟರು. ಸೆಲ್ಲನ್ನು ಮತ್ತೆ ಸರಿಯಾಗಿ ತಯಾರು ಮಾಡಿ, ಚಾರ್ಜ್ ಮಾಡಿ, ತಣ್ಣೀರಿಗೆ ಇಳಿಸುವಷ್ಟರಲ್ಲಿ ಮಳೆಗಾಲ ಕಳೆದಿತ್ತು. ಈ ಸಲ ಕಾಲೇಜಿನವರು ಒಂದು ಹಳೆಯ ಜನರೇಟರ್ ರಿಪೇರಿ ಮಾಡಿಸಿಕೊಟ್ಟರು. ಅದನ್ನು ಮೊದಲೇ ಕೊಟ್ಟಿದ್ದರೆ ಎಂದು ರಾಮಣ್ಣ ಅನ್ನುತ್ತಿದ್ದ. ಮದುವೆಯಲ್ಲಿ ತಾನು ಲಾಡು ತಿನ್ನುತ್ತಿದ್ದ ಹೊತ್ತಿಗೇ ಸರ್ ಹೋದರೆಂದು ಹೇಳಿಕೊಂಡು ಅವನು ಹಲವು ಸಲ ಅತ್ತಿದ್ದ.

ದುಂಡಮ್ಮನಿಗೆ ಮೋಮಿನಪುರದ ಕಡೆ ಹೋಗಲು ಕಾಲು ಬರುತ್ತಿರಲಿಲ್ಲ. ಕಂಡವರೆಲ್ಲ ಹೇಳುತ್ತಿದ್ದರು: ಸಕೀನಾ ಮನೆಗೆ ಬಂದವರಿಗೆಲ್ಲ ಗಂಡನ ಕೆಲಸದ ಬಗ್ಗೆ ಹೇಳುತ್ತಾರೆ, ಆಕಾಶದ ಕಡೆ ಕೈ ತೋರಿಸುತ್ತಾರೆ, ರೋಜಾ ಬಡಾವಣೆಯ ದರ್ಗಾದಲ್ಲಿ ಅದಕ್ಕಾಗಿಯೇ ಫಾತಿಹಾ ಪ್ರಾರ್ಥನೆ ಓದಿಸಿದ್ದಾರೆ. ಬೇರೆ ಯಾರ ಬಾಯಿಂದಲೋ ನಿಜ ಗೊತ್ತಾಗುವುದು ಇನ್ನೂ ಕೆಟ್ಟದ್ದೆಂದು ಒಂದು ಸಂಜೆ ಗಟ್ಟಿಮನಸ್ಸು ಮಾಡಿ ಹೋದಳು.

ಸಕೀನಾ ಒಬ್ಬರೇ ಇದ್ದರು. ಅವಳನ್ನು ಕಂಡು ಹಿಗ್ಗಿ ಚಾಪೆ ಹಾಸಿದರು. "ಎಷ್ಟು ದಿನಾ ಆಯ್ತು ಬೇಟಿ! ನಮ್ಮನ್ನ ಮರ್ತೇಬಿಟ್ಟಿ. ಖಟ್ಟಾ ದಾಲ್ ಮಾಡೀನಿ, ಉಂಡು ಹೋಗು."

"ಅಮ್ಮಾ, ಒಂದು ಮಾತು ಹೇಳೋದದ."

ಹೇಳಿದಳು. ನೀರು ಬಿಸಿಯಾಗಿದ್ದದ್ದು, ಮುಳ್ಳು ಬಿದ್ದದ್ದು, ಈಗ ಎಲ್ಲವೂ ಮೊದಲಿಂದ ಶುರುವಾದದ್ದು. ಸಕೀನಾ ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟರು.

"ಆವತ್ತು ನಾ ಕೇಳ್ದಾಗ ನೀ ತಲಿ ಆಡಸ್ದಿ."

"ಹೌದ್ರೀ."

"ಇಷ್ಟು ಮಂದಿ ಮುಂದ ನಾ ಹೇಳ್ಕೋತ ಬಂದೆ."

"ತಪ್ಪಾಯ್ತ್ರೀ ಅಮ್ಮಾ."

"ಹಂಗಾದ್ರ ಅವರು ಆ ಬಿಸಲಾಗ ಹೊತ್ತಿದ್ದೆಲ್ಲ..." ಎಂದರು ಸಕೀನಾ. "ಸುಮ್ನ ಹೋದ್ರಲ್ಲ. ಯಾತಕ್ಕೂ ಬರಲಿಲ್ಲಲ್ಲ." ಮುಖ ತಿರುಗಿಸಿ, "ಅದು ನಿನ್ನ ಪಾಳಿ ಇತ್ತು. ನೀ ಇದ್ರ ನೀ ಹೊರತಿದ್ದಿ. ನಿನ್ನ ಹರೇದ ಮೈ" ಎಂದರು.

"ಹೌದ್ರೀ ಅಮ್ಮಾ."

"ಹೋಗು. ಇವತ್ತ ನನ್ನ ಮುಂದ ಕೂಡಬ್ಯಾಡ."

ದುಂಡಮ್ಮ ಎದ್ದು ಬಂದಳು. ಮೋಮಿನಪುರದ ಗಲ್ಲಿಯಲ್ಲಿ ಹೋಟೆಲುಗಳ ಮುಂದೆ ತವೆ ಬಡಿಯುವ ಸದ್ದು, ಆಟೋಗಳ ಗದ್ದಲ. ಅವಳಿಗೆ ಯಾವುದೂ ಕೇಳಿಸುತ್ತಿರಲಿಲ್ಲ. ಆಮೇಲೆ ಅವಳು ಎರಡು ಸಲ ಹೋದಾಗಲೂ ಬಾಗಿಲು ತೆರೆಯಲಿಲ್ಲ.

ಪುತಳಾಬಾಯಿ ಆ ಹೊತ್ತಿಗೆ ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಿದ್ದಳು. ಮಾತು ತುಂಡುತುಂಡಾಗಿ ಬರುತ್ತಿತ್ತು. ಭಾನುವಾರ ಊರಿಗೆ ಹೋದ ಮಗಳು ತಟ್ಟೆಯ ಮುಂದೆ ಸುಮ್ಮನೆ ಕೂರುವುದನ್ನು ನೋಡಿ ನೋಡಿ, ಕೊನೆಗೆ ಮಗನಿಂದ ಎಲ್ಲವನ್ನೂ ಕೇಳಿ ತಿಳಿದುಕೊಂಡಳು. ಸರ್ ತೀರಿಹೋದದ್ದು ಅವಳಿಗೆ ಗೊತ್ತಿತ್ತು. ಮಗಳು ತನ್ನ ಹತ್ತಿರ ಕೂತಿದ್ದಾಗಲೇ, ಮಗಳ ಬದಲು ಬರ್ಫ್ ಹೊತ್ತು ಹೋದರೆಂಬುದನ್ನು ಯಾರೂ ಹೇಳಿರಲಿಲ್ಲ.

"ನನ್ನ... ಒಯ್ಯಿರಿ" ಎಂದಳು. "ಆ ಅಕ್ಕನ... ಹತ್ರ."

"ಈ ಮೈಯಾಗ ಬಸ್ಸು ಹತ್ತಾಕ ಆಗ್ತದೇನ ಯವ್ವಾ?" ಎಂದ ಮಾಳಿಂಗಪ್ಪ.

"ಹತ್ತಸ್ರಿ."

ಅಂಗಳದ ಮೂಲೆಯ ಗಿಡದಿಂದ ಹಣ್ಣಾದ ಒಂದು ಚಿಪ್ಪು ಕೆಂಪು ಬಾಳೆಹಣ್ಣನ್ನು ತಾನೇ ಆರಿಸಿದಳು. ಅಣ್ಣ ತಂಗಿ ಸೇರಿ ಅವಳನ್ನು ಬಸ್ಸಿಗೆ ಎತ್ತಿ ಹತ್ತಿಸಿದರು. ಕಂಡಕ್ಟರ್ ಅವಳನ್ನು ಗುರುತು ಹಿಡಿದು ಮುಂದಿನ ಸೀಟು ಬಿಡಿಸಿಕೊಟ್ಟ. ಮೋಮಿನಪುರದ ಗಲ್ಲಿಯೊಳಗೆ ಆಟೋ ಹೋಗದ ಕಡೆ ಮಾಳಿಂಗಪ್ಪ ತಾಯಿಯನ್ನು ಹೊತ್ತುಕೊಂಡ. ಬಾಗಿಲು ಬಡಿದವಳು ಪುತಳಾಬಾಯಿಯೇ, ಎಡಗೈಯಲ್ಲಿ, ಕೋಲಿನಿಂದ.

ಸಕೀನಾ ಬಾಗಿಲು ತೆರೆದರು. ಎದುರಿಗೆ ಮಗನ ತೋಳಿಗೆ ಒರಗಿ ನಿಂತ, ಬಾಯಿ ಸೊಟ್ಟಾದ ಹೆಂಗಸು. ಹಿಂದೆ ದುಂಡಮ್ಮ.

"ನಾ... ಇವಳ ಅವ್ವ" ಎಂದಳು ಪುತಳಾಬಾಯಿ.

ಸಕೀನಾ ತಡೆಯಲಾಗದೆ ಮುಂದೆ ಬಂದು ಅವಳ ಇನ್ನೊಂದು ತೋಳು ಹಿಡಿದು ಒಳಗೆ ಕರೆದುಕೊಂಡರು. ದಿವಾನದ ಮೇಲೆ ಕೂರಿಸಿದರು. ಪುತಳಾಬಾಯಿ ಏದುಸಿರು ಬಿಡುತ್ತ, ತಂದ ಬಾಳೆಹಣ್ಣಿನ ಚಿಪ್ಪನ್ನು ಮಗಳಿಂದ ಸಕೀನಾರ ಮುಂದೆ ಇಡಿಸಿದಳು.

"ನಾ ಬಿದ್ದೆ... ಅವರು ಹೋದ್ರು. ಹಿಂಗ ಆಗಬಾರದಿತ್ತು." ತಡೆದು ಮತ್ತೆ ಹೇಳಿದಳು. "ಮಗಳಿಗೆ ಬೈಬ್ಯಾಡ್ರಿ. ನಿಮ್ಮ ಕಡಿಂದ... ಬೈಸ್ಕೋಬೇಕಂತ... ನಾ ಬಂದೀನಿ."

ಸಕೀನಾ ಅವಳ ಮುಖವನ್ನೇ ನೋಡುತ್ತ ನಿಂತರು. ಆಮೇಲೆ ನೆಲದ ಮೇಲೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಗಂಡ ಹೋದ ಮೇಲೆ ಅವರು ಹಾಗೆ ಬಾಯಿಬಿಟ್ಟು ಅತ್ತದ್ದನ್ನು ಆ ಮನೆಯ ಗೋಡೆಗಳು ಕೇಳಿರಲಿಲ್ಲ. ಪುತಳಾಬಾಯಿ ಎಡಗೈ ಚಾಚಿ ಅವರ ಬೆನ್ನು ಸವರಿದಳು.

"ನಿಮಗ್ಯಾಕ ಬೈಲಿ ಅಕ್ಕಾ?" ಎಂದರು ಸಕೀನಾ ಕೊನೆಗೆ. "ಅವತ್ತ ಮುಂಜಾನಿ ನಾ ಹೇಳ್ದೆ, ಬಿಸಲಾಗ ಹೋಗಬ್ಯಾಡ್ರಿ, ಆ ಹುಡಗಿಗಿ ಹೇಳಿ ಕಳಿಸ್ರಿ, ಬಂದು ನೋಡ್ಕೋತಾಳ ಅಂದೆ. ಅವರು ಕೇಳಲಿಲ್ಲ. 'ನಮ್ಮ ಅಮ್ಮೀಜಾನ್ ಹೋಗೋ ಮುಂದ ನಾ ಹೈದರಾಬಾದಿನಾಗ ಪರೀಕ್ಷಾ ಬರ್ಯಾಕತ್ತಿದ್ದೆ. ಯಾರೂ ನನ್ನ ಕಳಿಸಲಿಲ್ಲ. ಆಕಿ ತನ್ನ ಅವ್ವನ ಹತ್ರ ಕುಂತಾಳ, ಕುಂಡ್ರಲಿ' ಅಂದ್ರು. ಅಂದು ಛತ್ರಿ ತಗೊಂಡು ಹೋದ್ರು." ಅವರು ದುಂಡಮ್ಮನ ಕಡೆ ತಿರುಗಿದರು. "ನಾ ಇದನ್ನ ನಿಂಗ ಹೇಳಲಿಲ್ಲ. ಸಿಟ್ಟಿನಾಗ ಇದ್ದೆ. ಯಾರ ಮ್ಯಾಲರೆ ಸಿಟ್ಟು ಮಾಡಬೇಕಿತ್ತು."

ಮಾಳಿಂಗಪ್ಪ ಬಾಗಿಲ ಹೊರಗೆ ಹೋಗಿ ಟವೆಲಿನಿಂದ ಕಣ್ಣೊರೆಸಿಕೊಂಡ.

ಸಕೀನಾ ಒಂದು ಬಾಳೆಹಣ್ಣು ಸುಲಿದು, ಅರ್ಧ ಮುರಿದು ಪುತಳಾಬಾಯಿಯ ಬಾಯಿಗೆ ಇಟ್ಟರು. ಉಳಿದರ್ಧ ತಾವು ತಿಂದರು.

ಎರಡನೆಯ ಸಲದ ಪ್ರಯೋಗ ಮುಂದಿನ ಬೇಸಿಗೆಯ ಮೊದಲೇ ಯಾವ ಅಡ್ಡಿಯೂ ಇಲ್ಲದೆ ಮುಗಿಯಿತು. ಕೊನೆಯ ದಿನ ದುಂಡಮ್ಮ, ರಾಮಣ್ಣ ಇಬ್ಬರೇ ಇದ್ದರು. ಸೆಲ್ಲನ್ನು ನೀರಿಂದೆತ್ತಿ, ಒಳಗುಳಿದದ್ದನ್ನೆಲ್ಲ ಮೆಲ್ಲಗೆ ಹೊರಗೆ ಹರಿಸಿ ಅಳೆದರು. ಆ ತಂಪಿನಲ್ಲಿ ಅದು ಬಹಳ ನಿಧಾನವಾಗಿ ಬರಿದಾಗುತ್ತದೆ ಎಂದು ಸರ್ ಮೊದಲಿನಿಂದ ಹೇಳುತ್ತಿದ್ದದ್ದು ನಿಜವಾಗಿತ್ತು. ಬರೆದದ್ದನ್ನೆಲ್ಲ ಬೆಂಗಳೂರಿಗೆ ಕಳಿಸಿದಳು, ಸರ್ ಹೆಸರನ್ನು ಮೊದಲು ಹಾಕಿ. ಅಲ್ಲಿನವರು ಮೆಚ್ಚಿದರು. ಸೆಲ್ಲನ್ನು ವಾಪಸು ತರಿಸಿಕೊಂಡರು. ಅದು ಹೋದ ಮೇಲೆ ದುಂಡಮ್ಮ, ರಾಮಣ್ಣ ತೊಟ್ಟಿಯ ನೀರು ಚೆಲ್ಲಿ, ಒರೆಸಿ, ಬೋರಲು ಹಾಕಿದರು. ಸಂತೋಷವಾಗಬೇಕಾದ ದಿನ. ರಾಮಣ್ಣ ಚಹಾ ತಂದ. ಇಬ್ಬರೂ ತೊಟ್ಟಿಯ ಪಕ್ಕದಲ್ಲೇ ನಿಂತು ಕುಡಿದರು.

ಆ ವರ್ಷ ಶ್ರಾವಣದಲ್ಲಿ ಪುತಳಾಬಾಯಿಗೆ ಎರಡನೆಯ ಸಲ ಲಕ್ವ ಹೊಡೆಯಿತು. ಈ ಸಲ ಅವಳು ಏಳಲಿಲ್ಲ. ದುಂಡಮ್ಮ ಹತ್ತಿರವೇ ಇದ್ದಳು. ತಾಯಿಯ ಕೈ ಅವಳ ಕೈಯಲ್ಲೇ ತಣ್ಣಗಾಯಿತು.

ಮೂರನೆಯ ದಿನ ಜಿಟಿಜಿಟಿ ಮಳೆಯಲ್ಲಿ ಕಲಬುರಗಿಯ ಬಸ್ಸಿನಿಂದ ಸಕೀನಾ ಇಳಿದರು. ದಾರಿ ಕೇಳಿಕೊಂಡು, ಕೆಸರಿನಲ್ಲಿ ಬುರ್ಖಾದ ಅಂಚು ಎತ್ತಿಕೊಂಡು ಬಂದರು. ಅಂಗಳದಲ್ಲಿದ್ದ ಹೆಂಗಸರು ದಾರಿ ಬಿಟ್ಟರು. ದುಂಡಮ್ಮ ಕಂಬಕ್ಕೆ ಒರಗಿ ಕೂತಿದ್ದಳು. ಅತ್ತು ಅತ್ತು ದನಿ ಹೋಗಿತ್ತು. ಸಕೀನಾ ಪಕ್ಕದಲ್ಲಿ ಕೂತು ಅವಳ ತಲೆಯನ್ನು ತಮ್ಮ ಹೆಗಲಿಗೆ ಎಳೆದುಕೊಂಡರು.

"ಮುಂಜಾನಿಂದ ಏನರೆ ಹೊಟ್ಟಿಗಿ ಹಾಕಿಯೇನು?"

ದುಂಡಮ್ಮ ಇಲ್ಲವೆಂದು ತಲೆ ಆಡಿಸಿದಳು.

ಸಕೀನಾ ಎದ್ದು ಒಳಮನೆಯ ಬಾಗಿಲಿಗೆ ಹೋದರು. ಮಾಳಿಂಗಪ್ಪನ ಹೆಂಡತಿ ಕೂಸನ್ನು ಸೊಂಟದಲ್ಲಿಟ್ಟುಕೊಂಡು ಒಲೆಯ ಮುಂದೆ ನಿಂತಿದ್ದಳು.

"ಚಹಾ ನಾ ಮಾಡ್ಲೇನವಾ?"

ಅವಳು ಒಂದು ಗಳಿಗೆ ಹೊರಗಿನ ಹೆಂಗಸರ ಕಡೆ ನೋಡಿದಳು. ಆಮೇಲೆ ಸಕ್ಕರೆಯ ಡಬ್ಬಿ ಕೆಳಗಿಳಿಸಿ, ಜಾಗ ಬಿಟ್ಟು ಸರಿದು ನಿಂತಳು. ಸಕೀನಾ ಒಲೆಯ ಮುಂದೆ ಕೂತು ಊದುಗೊಳವೆ ತೆಗೆದುಕೊಂಡರು. ಹಸಿ ಕಟ್ಟಿಗೆಯ ಹೊಗೆ ಕಣ್ಣಿಗೆ ಬಂತು.

ಲೋಟ ತಂದು ದುಂಡಮ್ಮನ ಕೈಗೆ ಕೊಟ್ಟರು. ಅವಳು ಅದನ್ನು ಹಾಗೆಯೇ ಕೆಳಗಿಟ್ಟಾಗ ತಾವೇ ಹಿಡಿದು ಕುಡಿಸಿದರು.

"ಶಾಹಜಾದಿ ಹೈದರಾಬಾದಿಗೆ ಬಾ ಅಂತಾಳ" ಎಂದರು ಖಾಲಿ ಲೋಟ ಕೆಳಗಿಟ್ಟು. "ಮಳಿಗಾಲ ಮುಗದ ಮ್ಯಾಲ ಹೋಗೋದು ಅಂತ ಇದ್ದೆ. ಈಗ ಇಲ್ಲೇ ಇರ್ತೀನಿ. ಮನ್ಯಾಗ ಎರಡು ಕ್ವಾಲಿ ಅವ, ನಾ ಒಬ್ಬಾಕಿ. ಬಾಡಿಗಿ ಕ್ವಾಲಿ ಬಿಟ್ಟು ನೀ ಬಂದು ಇರು. ನಿಂಗ ನೌಕರಿ ಆಗೋತನಕ ಇರು, ಮದವಿ ಆಗೋತನಕ ಇರು."

ದುಂಡಮ್ಮ ಅವರ ಮುಖ ನೋಡಿದಳು.

"ಮಂದಿ ಏನಂತಾರ್ರೀ ಅಮ್ಮಾ?"

"ಅನ್ನಲಿ."

ಮಳೆ ಜೋರಾಯಿತು. ಅಂಗಳದ ಹೆಂಗಸರು ಪಡಸಾಲೆಗೆ ಬಂದು ಇವರ ಪಕ್ಕದಲ್ಲೇ ಕೂತರು. ಸಂಜೆಯ ಕೊನೆಯ ಬಸ್ಸು ಬಂದ ಸದ್ದು ಕೇಳಿದಾಗ ಮಾಳಿಂಗಪ್ಪ ಛತ್ರಿ ಹಿಡಿದು, "ಬಸ್ಸು ಬಂತ್ರೀ ಅಮ್ಮಾ, ಬಿಟ್ಟು ಬರ್ಲೇನು?" ಎಂದ.

"ಇಲ್ಲಪಾ" ಎಂದರು ಸಕೀನಾ. "ನಾಳೆ ಹೋದ್ರಾಯ್ತು."